ಮೂರು ವರ್ಷ ಒಂದು ಆಫೀಸಿನಲ್ಲಿ ಕೂಡ್ರು, ತಂಗಿ

ಬೈಲಹೊಂಗಲ

ಪ್ರೀತಿಯ ತಂಗೀ,

ಇಂಗ್ಲೆಂಡಿನಲ್ಲಿ ಪಿಯುಸಿಯಷ್ಟು ಓದಿದ ಹುಡುಗಿಯೊಬ್ಬಳು ನೇರವಾಗಿ ವಕೀಲರ ಆಫೀಸು ಸೇರಿ, ಮೊದಲ ತಿಂಗಳಿಂದಲೇ ಪಗಾರ ಎಣಿಸುತ್ತ, ಆರು ವರ್ಷದಲ್ಲಿ ಸಾಲಿಸಿಟರ್ ಆಗುತ್ತಾಳಂತೆ, ನಮ್ಮಲ್ಲಿ ಅಂಥದ್ದು ಯಾಕಿಲ್ಲ ಎಂದು ಕೇಳಿದ್ದಿ. ನೀನು ಕೇಳಿದ್ದು ನಿಜ. 2016ರಿಂದ ಅಲ್ಲಿ ಆ ದಾರಿ ಇದೆ. ದುಡಿಯುತ್ತಲೇ ಓದು, ಕಡೆಗೆ ಉಳಿದವರೆಲ್ಲ ಬರೆಯುವ ಅರ್ಹತಾ ಪರೀಕ್ಷೆಯನ್ನೇ ಬರೆಯುವುದು. ಸವದತ್ತಿ ತಾಲೂಕಿನ ಹಳ್ಳಿಯಿಂದ ಬೆಳಗಾವಿಗೆ ಹೋಗಿ ಎಲ್‌ಎಲ್‌ಬಿ ಕೊನೆಯ ವರ್ಷಕ್ಕೆ ಬಂದಿರುವ, ಅಪ್ಪನ ಸಾಲ ಕಣ್ಣೆದುರಿಗೇ ಇರುವ ನಿನಗೆ ಅದು ಆಸೆ ಹುಟ್ಟಿಸಿದರೆ ತಪ್ಪಿಲ್ಲ. ಈ ಪ್ರಶ್ನೆ ನಿನ್ನೊಬ್ಬಳದಲ್ಲ. ಕಿತ್ತೂರು, ರಾಮದುರ್ಗದ ಕಡೆಯ ಹುಡುಗರೂ ಬೇರೆ ಬೇರೆ ಮಾತಿನಲ್ಲಿ ಇದನ್ನೇ ಕೇಳುತ್ತಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಕೈಕೆಳಗೆ ಕಲಿತು ಕಾನೂನಿನ ಕಸುಬಿಗೆ ಬರುವುದು ನಮಗೂ ಹೊಸದಲ್ಲ. ನಮ್ಮ ಬೈಲಹೊಂಗಲ, ಸವದತ್ತಿ, ಕಿತ್ತೂರುಗಳ ಮೇಲಿನ ಹೈಕೋರ್ಟು 1956ರವರೆಗೆ ಮುಂಬಯಿಯದು. ಅಲ್ಲಿ ಸಾಲಿಸಿಟರ್ ಆಗಬೇಕಾದವನು ಒಬ್ಬ ಸಾಲಿಸಿಟರ್‌ನ ಹತ್ತಿರ ಮೂರು ವರ್ಷ ಆರ್ಟಿಕಲ್ಡ್ ಕ್ಲರ್ಕ್ ಆಗಿ ದುಡಿದು, ಆಮೇಲೆ ಕಠಿಣವಾದ ಪರೀಕ್ಷೆಗೆ ಕೂಡ್ರಬೇಕಿತ್ತು. ಆ ವರ್ಗವನ್ನು ಅಡ್ವೊಕೇಟ್ಸ್ ಕಾಯ್ದೆಯ 1976ರ ತಿದ್ದುಪಡಿ ತೆಗೆದುಹಾಕಿತು. ಬಾಂಬೆ ಇನ್‌ಕಾರ್ಪೊರೇಟೆಡ್ ಲಾ ಸೊಸೈಟಿ ಆ ಪರೀಕ್ಷೆಯನ್ನು ಮುಂದೆಯೂ ನಡೆಸಿಕೊಂಡು ಬಂತು, ಆದರೆ ಕಾನೂನಿನ ಕಣ್ಣಿಗೆ ಈಗ ದೇಶದಲ್ಲೆಲ್ಲ ಒಂದೇ ಜಾತಿಯ ವಕೀಲರು. ಇನ್ನು ವಕೀಲರಿಗೆ ಪದವಿಯ ನಂತರ ತರಬೇತಿ ಎಂಬುದು 1961ರ ಕಾಯ್ದೆಯಲ್ಲಿ ಮೊದಲು ಇತ್ತು. 1973ರ ತಿದ್ದುಪಡಿಯಲ್ಲಿ ಸಂಸತ್ತೇ ಅದನ್ನು ತೆಗೆಯಿತು. 1995ರಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಂದು ವರ್ಷದ ತರಬೇತಿಯನ್ನು ನಿಯಮ ಮಾಡಿ ತಂದಾಗ, 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಸಂಸತ್ತು ತೆಗೆದದ್ದನ್ನು ನಿಯಮದ ಮೂಲಕ ಹಿಂದಕ್ಕೆ ತರುವ ಅಧಿಕಾರ ಕೌನ್ಸಿಲ್ಲಿಗಿಲ್ಲ ಎಂಬುದು ಆಗ ಕೊಟ್ಟ ಕಾರಣ. ತರಬೇತಿ ಬೇಡ ಎಂದು ನ್ಯಾಯಾಲಯ ಹೇಳಲಿಲ್ಲ, ಇದನ್ನು ನೆನಪಿಡು.

ಹೀಗಾಗಿ ಇವತ್ತು ಪದವಿ, ರಾಜ್ಯ ವಕೀಲರ ಪರಿಷತ್ತಿನ ಸನದು, ಅಖಿಲ ಭಾರತ ಬಾರ್ ಪರೀಕ್ಷೆ, ಈ ಮೂರು ಇದ್ದರೆ ನೀನು ಪೂರ್ಣ ವಕೀಲೆ. ಸನದಿಗೆ ಶುಲ್ಕವೆಂದು ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಯಾರಾದರೂ ಸಾವಿರಗಟ್ಟಲೆ ಹೇಳಿದರೆ ಈ ತೀರ್ಪನ್ನು ಮುಂದಿಡು. ಅಲ್ಲಿಗೆ ಮುಗಿಯಿತು. ಒಂದು ದಿನವೂ ಯಾರ ಹತ್ತಿರವೂ ಕಲಿಯದೆ, ಒಂದು ಮನೆತನದ ಇಡೀ ಹೊಲವನ್ನು ಪಣಕ್ಕಿಟ್ಟ ವಾಟಣಿ ದಾವೆಯ ವಕಾಲತ್ತಿಗೆ ನೀನು ಸಹಿ ಹಾಕಬಹುದು. ಈ ಮಾತು ನನಗೆ ದಿಗಿಲು ಹುಟ್ಟಿಸುತ್ತದೆ. ಕಾನೂನು ನಿನ್ನನ್ನು ಕೇಳದೆ ಬಿಟ್ಟದ್ದನ್ನು ನೀನೇ ನಿನಗೆ ಹಾಕಿಕೊಳ್ಳಬೇಕು ಎಂಬುದಷ್ಟೇ ಈ ಪತ್ರದಲ್ಲಿ ನಾನು ಹೇಳಬೇಕಾದದ್ದು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ನಮ್ಮ ಕಡೆಯ ಕಾಗದಗಳನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಿಂದ ಎಂಥೆಂಥವರನ್ನೋ ತಯಾರು ಮಾಡಿದೆ. ಅಟಾರ್ನಿ ಜನರಲ್ ಆಗಿದ್ದ, ಕಾಸರಗೋಡು ಸೀಮೆಯ ಕಾಞಂಗಾಡಿನಲ್ಲಿ ಹುಟ್ಟಿದ ಕೆ. ಕೆ. ವೇಣುಗೋಪಾಲ್ ಕಾನೂನು ಓದಿದ್ದು ಅಲ್ಲಿಯೇ. ಓದಿ ಬಂದ ಮೇಲೆ ಅವರೂ ತಮ್ಮ ತಂದೆ ಎಂ. ಕೆ. ನಂಬಿಯಾರರ ಕೈಕೆಳಗೆ ಕೆಲಸ ಕಲಿತರು. ಕಾಲೇಜು ನಿನಗೆ ಮಿತಾಕ್ಷರ ಹೇಳಿಕೊಡುತ್ತದೆ. ಆದರೆ ಕಕ್ಷಿದಾರ ತಂದ ಹಳೆಯ ಖರೀದಿ ಪತ್ರದಲ್ಲಿ ಹೊಲ 'ಸಂಪಗಾಂವ ತಾಲೂಕಿ'ನಲ್ಲಿದೆ, ಉತಾರದಲ್ಲಿ ಬೈಲಹೊಂಗಲ ಎಂದಿದೆ, ಈಗಿನ ಪಹಣಿಯಲ್ಲಿ ಕಿತ್ತೂರು ಎಂದಿದೆ, ಮೂರೂ ಒಂದೇ ಹೊಲ ಎಂದು ನಿನಗೆ ಯಾರು ಹೇಳಬೇಕು? ನಿಮ್ಮ ಸವದತ್ತಿಯ ಹೆಸರು ಬ್ರಿಟಿಷ್ ಕಾಲದ ಕಾಗದಗಳಲ್ಲಿ ಪರಸಗಡ ತಾಲೂಕು. ಈಚೆಗೆ ಅದರಲ್ಲೇ ಯರಗಟ್ಟಿ ಬೇರೆಯಾಯಿತು. ರಾಮದುರ್ಗದ ಕಥೆಯೇ ಬೇರೆ. ಅದು 1948ರವರೆಗೆ ಸಂಸ್ಥಾನ, ಹಳೆಯ ಕಾಗದ ಬಿಚ್ಚಿದರೆ ಮೋಡಿ ಲಿಪಿ. ಅದನ್ನು ಓದಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಅಂಥವರು ಸಿಕ್ಕರೆ ಅವರ ಹತ್ತಿರ ಅಕ್ಷರಗಳನ್ನಾದರೂ ಕಲಿತಿಟ್ಟುಕೋ.

ಇನ್ನೊಂದು ಕಡೆ ನಾವು ಭಾಗ್ಯವಂತರು. ಮುಂಬಯಿ ಪ್ರಾಂತದಲ್ಲಿ 1903ರ ಕಾಯ್ದೆಯಿಂದಲೇ ಹಕ್ಕು ದಾಖಲೆ ಬರೆಯುವುದು ಶುರುವಾಯಿತು. ಆದ್ದರಿಂದ ಒಂದು ಸರ್ವೇ ನಂಬರಿನ ಬೆನ್ನು ಹತ್ತಿದರೆ, ಡೈರಿ ನಂಬರಿನಿಂದ ಡೈರಿ ನಂಬರಿಗೆ ಹಿಂದೆ ಹಿಂದೆ ಹೋಗಿ ಮುತ್ತಜ್ಜನ ಹೆಸರಿನವರೆಗೆ ಮುಟ್ಟಬಹುದು. ಯಾವ ಇಸವಿಯಲ್ಲಿ ಯಾರ ಹೆಸರು ಹೋಯಿತು, ಯಾವ ಆಧಾರದ ಮೇಲೆ ಹೋಯಿತು, ನಡುವೆ ಮೈನರ್ ಇದ್ದವನ ಹೆಸರು ಎಲ್ಲಿ ಬಿಟ್ಟುಹೋಯಿತು ಎಂದು ಬೆರಳಿಟ್ಟು ಓದುವುದು ಒಂದು ವಿದ್ಯೆ. ಸನದಿ ಜಮೀನು, ವತನದ ಜಮೀನು ಬಂದರೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ನೋಡಬೇಕು. ಗೇಣಿ ಎಂದರೆ 1974ರ ಮಾರ್ಚ್ 1 ಮತ್ತು ಫಾರ್ಮ್ ನಂಬರ್ ಏಳು ನೆನಪಾಗಬೇಕು. ನವಿಲುತೀರ್ಥದ ಅಣೆಕಟ್ಟಿಗೆ ಹೋದ ಹೊಲವಾದರೆ ಪರಿಹಾರದ ಕಡತಗಳನ್ನೇ ಹುಡುಕಬೇಕು. ಮುದುಕ ಕಕ್ಷಿದಾರ 'ಎರಡು ಕೂರಿಗಿ ಹೊಲ' ಎನ್ನುತ್ತಾನೆ, ಕಾಗದ ಎಕರೆ-ಗುಂಟೆ ಹೇಳುತ್ತದೆ. ಎರಡೂ ಒಂದೇ ಜಾಗದ ಮಾತೇ ಎಂದು ಚಕ್ಕುಬಂದಿ ಕೇಳಿ ಖಾತ್ರಿ ಮಾಡಿಕೊಳ್ಳದೆ ದಾವೆ ಬರೆಯಬಾರದು.

ಆಸ್ತಿಯ ಹಕ್ಕಿನ ಜಗಳ ಎಲ್ಲಿಗೆ ಮುಟ್ಟುತ್ತದೆಂದು ಕಿತ್ತೂರಿನವರಿಗೆ ಹೆಚ್ಚು ಹೇಳಬೇಕಿಲ್ಲ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಆ ವರ್ಷದ ಅಕ್ಟೋಬರ್ 23ಕ್ಕೆ ಅದು ರಣರಂಗಕ್ಕೆ ಮುಟ್ಟಿತು, ರಾಣಿ ಚೆನ್ನಮ್ಮ ಸೆರೆಯಾಗಿ ಇದೇ ಬೈಲಹೊಂಗಲದಲ್ಲಿ 1829ರಲ್ಲಿ ತೀರಿಕೊಂಡಳು. ದತ್ತಕ, ವಾರಸು, ಆಸ್ತಿ ಇವುಗಳ ಮೇಲೆ ನಮ್ಮ ಜನ ಇವತ್ತಿಗೂ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ.

ಈಗ ಅತಿ ಹೆಚ್ಚು ಬರುವುದು ಹೆಣ್ಣುಮಕ್ಕಳ ಹಿಸ್ಸೆಯ ದಾವೆ. ನೀನು ಹೆಣ್ಣುಮಗಳು, ನಿನ್ನನ್ನು ಹುಡುಕಿಕೊಂಡು ಬರುತ್ತಾರೆ. ನಮ್ಮ ರಾಜ್ಯ 1994ರಲ್ಲೇ ಮಗಳಿಗೆ ಹಕ್ಕು ಕೊಟ್ಟಿತು, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು. ದೇಶಕ್ಕೆಲ್ಲ 2005ರ ಸೆಪ್ಟೆಂಬರ್ 9ರಿಂದ ಬಂತು. ತಂದೆ ಆ ದಿನ ಬದುಕಿರಬೇಕೋ ಬೇಡವೋ ಎಂಬ ಗೊಂದಲವನ್ನು 2020ರಲ್ಲಿ ವಿನೀತಾ ಶರ್ಮಾ ತೀರ್ಪು ತೀರಿಸಿತು, ಬೇಕಾಗಿಲ್ಲ ಎಂದು. ಇದು ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು ಕೇಳು. ಹಿಸ್ಸೆ ಕೇಳಿ ನಿನ್ನ ಹತ್ತಿರ ಬಂದ ಅಕ್ಕ ಯಾವಾಗಲೋ ತವರಿನವರ ಮಾತಿಗೆ ಕಟ್ಟುಬಿದ್ದು, ಹಕ್ಕು ಬಿಟ್ಟುಕೊಟ್ಟೆನೆಂಬ ಹಕ್ಕಸೋಡ ಪತ್ರಕ್ಕೆ ಹೆಬ್ಬೆಟ್ಟು ಒತ್ತಿರುತ್ತಾಳೆ. ಒತ್ತಿದ್ದು ಏನೆಂದು ಅವಳಿಗೆ ನೆನಪಿರುವುದಿಲ್ಲ, ನೆನಪಿದ್ದರೂ ಮೊದಲ ದಿನ ಹೇಳುವುದಿಲ್ಲ. ಅಣ್ಣಂದಿರ ನಡುವಿನ ವಾಟಣಿ 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾಗಿದೆಯೋ ನೋಡಬೇಕು, ಆಗಿದ್ದರೆ ದಾವೆಯ ದಿಕ್ಕೇ ಬೇರೆ. ಇದನ್ನೆಲ್ಲ ಅವಳ ಮನಸ್ಸು ನೋಯದಂತೆ ಕೇಳಿ ತಿಳಿಯುವುದು, ದಾವೆ ಹಾಕಿದ ಮೇಲೆ ತವರಿನ ಬಾಗಿಲು ಮುಚ್ಚಬಹುದೆಂಬ ಮಾತನ್ನೂ ಮುಚ್ಚಿಡದೆ ಹೇಳುವುದು, ಒಳ್ಳೆಯ ಸೀನಿಯರ್ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದವರಿಗೆ ಮಾತ್ರ ಬರುತ್ತದೆ.

ಹಾಗಾದರೆ ಯಾರ ಆಫೀಸು? ಹೆಸರು ದೊಡ್ಡದೆಂದು ಹೋಗಬೇಡ. ಕೋರ್ಟಿನಲ್ಲಿ ಹಿಂದಿನ ಬೆಂಚಿನ ಮೇಲೆ ಕೆಲವು ದಿನ ಸುಮ್ಮನೆ ಕೂಡ್ರು. ಪಾಟೀ ಸವಾಲಿಗೆ ಸಿದ್ಧವಾಗಿ ಬರುವವರು ಯಾರು, ಬರೀ ತಾರೀಖು ಕೇಳುವವರು ಯಾರು, ಎದುರು ಪಕ್ಷದ ಮುದುಕಿಯ ಜೊತೆಗೂ ಮರ್ಯಾದೆಯಿಂದ ಮಾತಾಡುವವರು ಯಾರು, ನಿನಗೇ ತಿಳಿಯುತ್ತದೆ. ತೆಗೆದುಕೊಂಡ ಹಣಕ್ಕೆ ಲೆಕ್ಕ ಹೇಳುವವರನ್ನು ಹುಡುಕು. ಸಂಜೆ ಎಷ್ಟು ಹೊತ್ತಿನವರೆಗೆ ಕೂಡ್ರಿಸಿಕೊಳ್ಳುತ್ತಾರೆ, ಕೊನೆಯ ಬಸ್ಸು ತಪ್ಪಿದರೆ ಏನು ಎಂದು ಅಲ್ಲಿ ಮೊದಲು ಕೆಲಸ ಮಾಡಿದ ಹೆಣ್ಣುಮಕ್ಕಳನ್ನು ಕೇಳು. ಅವರ ಉತ್ತರಕ್ಕೆ ನನ್ನ ಶಿಫಾರಸಿಗಿಂತ ಹೆಚ್ಚು ಬೆಲೆ ಕೊಡು. ನಮ್ಮವರು ಎಂದು ಜಾತಿ ನೋಡಿ ಸೇರಿಸುವ ಅಭ್ಯಾಸ ನಮ್ಮ ಬಾರುಗಳಲ್ಲಿ ಇನ್ನೂ ಇದೆ. ಆ ಸಾಲಿನಲ್ಲಿ ನಿಲ್ಲಬೇಡ.

ಸೇರಿದ ಮೇಲೆ ಮೊದಲು ಕಾರಕೂನರ ಹತ್ತಿರ ಕಲಿ. ಇದನ್ನು ಕೀಳು ಎಂದುಕೊಳ್ಳುವವರಿದ್ದಾರೆ, ಅವರ ಮಾತು ಕೇಳಬೇಡ. ನಕಲು ಅರ್ಜಿ ಯಾವ ದಿನ ಕೊಟ್ಟೆವು, ನಕಲು ಯಾವ ದಿನ ತಯಾರಾಯಿತು ಎಂದು ಪ್ರತಿಯ ಮೇಲಿನ ಠಸೆಯಲ್ಲಿ ಇರುತ್ತದೆ. ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹೋಗಲು ಇರುವುದು 30 ದಿನ, ನಕಲಿಗೆ ಹಿಡಿದ ದಿನಗಳನ್ನು ಅದರಲ್ಲಿ ಬಿಡಬಹುದು. ಆ ಠಸೆಯನ್ನು ಓದಲು ಬಾರದೆ ಅಪೀಲು ಕಾಲಮಿತಿ ಮೀರಿದರೆ ಕಳೆದುಕೊಳ್ಳುವವನು ಕಕ್ಷಿದಾರ. ಕೈಫಿಯತ್ತಿಗೆ 30 ದಿನ, ಹೆಚ್ಚೆಂದರೆ 90. ಕೇವಿಯಟ್ಟಿನ ಆಯುಷ್ಯ 90 ದಿನ. ಇವೆಲ್ಲ ನಿನ್ನ ಡೈರಿಯಲ್ಲಿ ನಿನ್ನ ಕೈಯಲ್ಲೇ ಬರೆದಿರಬೇಕು.

ಬೈಲಹೊಂಗಲದಲ್ಲಿ ಉಪವಿಭಾಗಾಧಿಕಾರಿಯ ಕೋರ್ಟು ಇರುವುದು ನಿನ್ನ ಕಲಿಕೆಗೆ ದೊಡ್ಡ ಅನುಕೂಲ. ಬೈಲಹೊಂಗಲ, ಸವದತ್ತಿ, ಕಿತ್ತೂರು, ರಾಮದುರ್ಗ ಈ ನಾಲ್ಕೂ ತಾಲೂಕುಗಳ ಹೆಸರು ಬದಲಾವಣೆಯ ಅಪೀಲುಗಳು, ಭೂಕಂದಾಯ ಕಾಯ್ದೆಯ 136(2)ನೇ ಕಲಮಿನ ಪ್ರಕಾರ, ಅಲ್ಲಿಗೆ ಬರುತ್ತವೆ. ಮಕ್ಕಳು ನೋಡಿಕೊಳ್ಳುತ್ತಿಲ್ಲವೆಂದು ತಂದೆತಾಯಿ 2007ರ ಕಾಯ್ದೆಯಡಿ ಕೊಡುವ ಅರ್ಜಿಯೂ ಅಲ್ಲಿಗೇ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲಕಿ ಬರುವುದಿಲ್ಲ, ಅದಕ್ಕೆ ಸಿವಿಲ್ ಕೋರ್ಟೇ ಬೇಕು ಎಂಬ ಮಾತನ್ನು ಓದುವುದು ಬೇರೆ; ಬೆಳಿಗ್ಗೆ ಸಿವಿಲ್ ಕೋರ್ಟಿನಲ್ಲಿ, ಮಧ್ಯಾಹ್ನ ಉಪವಿಭಾಗಾಧಿಕಾರಿಯ ಮುಂದೆ ಅದೇ ಹೊಲದ ಎರಡು ಕಡತ ಹಿಡಿದು ನಿಲ್ಲುವುದು ಬೇರೆ.

ಒಂದು ಅಪಾಯ ಹೇಳುತ್ತೇನೆ. ಕೂಗಿದಾಗ ಎದ್ದು ನಿಂತು ತಾರೀಖು ತಂದುಕೊಡುವ ಕೆಲಸದಲ್ಲೇ ವರ್ಷಗಳನ್ನು ಕಳೆದ ಜೂನಿಯರುಗಳು ನಮ್ಮ ಎಲ್ಲ ಬಾರುಗಳಲ್ಲಿಯೂ ಇದ್ದಾರೆ. ಮೊದಲ ವರ್ಷದ ಕೊನೆಗೆ ಒಂದು ಕೈಫಿಯತ್ತನ್ನು ಪೂರ್ತಿ ನಾನೇ ಬರೆಯುತ್ತೇನೆಂದು ಕೇಳು. ಕನ್ನಡದಲ್ಲೇ ಬರೆ, ನಿನ್ನ ಕಕ್ಷಿದಾರನಿಗೆ ಓದಿ ಹೇಳಿದರೆ ಹೌದು ಎನ್ನುವ ಹಾಗೆ. ಎರಡನೇ ವರ್ಷ ತಲಾಟಿಯಂಥ ಸಾಕ್ಷಿಯ ಪಾಟೀ ಸವಾಲು ಕೇಳು, ಸೀನಿಯರ್ ಪಕ್ಕದಲ್ಲಿ ನಿಂತಿರಲಿ. ಇಷ್ಟನ್ನೂ ಕೊಡದವರಿದ್ದರೆ ನಮಸ್ಕಾರ ಹೇಳಿ ಬೇರೆ ಆಫೀಸು ನೋಡು. ಅದರಲ್ಲಿ ಗುರುದ್ರೋಹ ಏನೂ ಇಲ್ಲ.

ನ್ಯಾಯಾಧೀಶೆಯಾಗುವ ಆಸೆ ನಿನಗಿದೆ ಎಂದು ಗೊತ್ತು. 2025ರ ಮೇ 20ರಂದು ಸುಪ್ರೀಂ ಕೋರ್ಟು ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿಯನ್ನು ಮತ್ತೆ ಕಡ್ಡಾಯ ಮಾಡಿದೆ. ತಾತ್ಕಾಲಿಕ ಸನದಿನ ದಿನದಿಂದಲೇ ಎಣಿಕೆ. ಕೋರ್ಟಿನ ಪ್ರಧಾನ ನ್ಯಾಯಾಂಗ ಅಧಿಕಾರಿಯ ಪ್ರಮಾಣಪತ್ರ ಬೇಕು, ಇಲ್ಲವೇ ಕನಿಷ್ಠ ಹತ್ತು ವರ್ಷ ವಕೀಲಿ ಮಾಡಿದವರ ಪ್ರಮಾಣಪತ್ರಕ್ಕೆ ಆ ಅಧಿಕಾರಿಯ ಸಹಿ ಬೇಕು. ಹೊಲ ಮಾರಿ ಓದಿಸಿದ ಮನೆಗಳಿಗೆ ಇನ್ನೂ ಮೂರು ವರ್ಷ ಕಾಯುವುದು ಭಾರವೆಂದು ಹಲವರು ಕೊರಗಿದರು. ಆ ಕೊರಗು ಸುಳ್ಳಲ್ಲ. ಆದರೂ ಈ ತೀರ್ಪನ್ನು ನಾನು ಒಪ್ಪುತ್ತೇನೆ. ಸಾಕ್ಷಿಕಟ್ಟೆಯಲ್ಲಿ ಗಂಟಲು ಒಣಗಿ ನಿಂತ ಹೆಣ್ಣುಮಗಳನ್ನು ಕೆಳಗಿನಿಂದ ನೋಡಿದವರು ಮೇಲೆ ಕೂತರೆ ಒಳ್ಳೆಯದು.

ಇನ್ನು ದುಡ್ಡಿನ ಮಾತು. ಇದನ್ನು ನಮ್ಮ ತಲೆಮಾರು ಮುಚ್ಚಿಟ್ಟಿತು. ಕಲಿಸುವುದೇ ಉಪಕಾರ, ಪಗಾರ ಯಾಕೆ ಎಂಬುದು ನಮ್ಮ ಕಸುಬಿನ ಹಳೆಯ ವಾದ. ಅಪ್ಪನ ಮನೆಯಲ್ಲಿ ಉಂಡು ವಕೀಲಿ ಕಲಿಯಬಲ್ಲವರಷ್ಟೇ ಈ ಕಸುಬಿನಲ್ಲಿ ಉಳಿದದ್ದು ಆ ವಾದದಿಂದ. ಕೂಲಿ ಮಾಡುವವರ ಮಗಳು, ದೇವದಾಸಿ ತಾಯಿಯ ಮಗ, ಎಷ್ಟು ಜಾಣರಿದ್ದರೂ ವರ್ಷದೊಳಗೆ ಬೇರೆ ನೌಕರಿ ಹಿಡಿದು ಹೋದರು. 2024ರ ಅಕ್ಟೋಬರ್‌ನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಜೂನಿಯರುಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಯನ್ನು ಕನಿಷ್ಠವೆಂದು ಹೇಳಿತು. ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ. ನಮ್ಮ ತಾಲೂಕಿನ ಸಣ್ಣ ಆಫೀಸುಗಳಿಗೆ ಅಷ್ಟು ಆಗಲಿಕ್ಕಿಲ್ಲ, ಆದರೆ ಏನೂ ಇಲ್ಲ ಎನ್ನುವುದಕ್ಕೆ ಇನ್ನು ನೆಪವಿಲ್ಲ. ಇಂಗ್ಲೆಂಡಿನ ಆ ಪದ್ಧತಿಯಿಂದ ನಾವು ಕಲಿಯಬೇಕಾದದ್ದು ಕಲಿಯುವವರಿಗೆ ಪಗಾರ ಕೊಡುವುದನ್ನೇ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯಲ್ಲಿ ಹೊಸ ಕಾನೂನು ಪದವೀಧರರಿಗೆ ತರಬೇತಿ ಭತ್ಯೆಯ ಯೋಜನೆಗಳಿವೆ. ಅರ್ಜಿ ಕರೆದಾಗ ಕಣ್ಣು ತಪ್ಪಿಸಬೇಡ. ತಾಲೂಕು ಕಾನೂನು ಸೇವಾ ಸಮಿತಿಯ ಶಿಬಿರಗಳಿಗೆ ಈಗಿನಿಂದಲೇ ಹೋಗು. ಮುಂದೆ ಅಲ್ಲಿಯ ಪ್ಯಾನೆಲ್ಲಿಗೆ ಸೇರುವಾಗ ಉಪಯೋಗಕ್ಕೆ ಬರುತ್ತದೆ.

ಪರೀಕ್ಷೆ ಮುಗಿದ ಮೇಲೆ ಒಂದು ಸಲ ಬೈಲಹೊಂಗಲಕ್ಕೆ ಬಾ. ಬರುವಾಗ ನಿಮ್ಮ ಮನೆಯದೇ ಒಂದು ಸರ್ವೇ ನಂಬರಿನ ಪಹಣಿ ಮತ್ತು ಸಿಕ್ಕಷ್ಟು ಹಳೆಯ ಉತಾರಗಳನ್ನು ತೆಗೆಸಿಕೊಂಡು ಬಾ, ಕೂತು ಓದೋಣ. ಯಾವ ಆಫೀಸು ಎಂದು ಆಮೇಲೆ ಮಾತಾಡೋಣ. ತಿಂಗಳಿಗೆ ಇಷ್ಟು ಕೊಡಬೇಕು ಎಂದು ಕೇಳಲು ನಿನಗೆ ನಾಚಿಕೆಯಾದರೆ, ಆ ಮಾತನ್ನು ನಿನ್ನ ಪರವಾಗಿ ನಾನೇ ಕೇಳುತ್ತೇನೆ.

ನಿನ್ನ ಹಿತ ಬಯಸುವ,
ಬಾರಿನ ಒಬ್ಬ ಹಿರಿಯ