ಡಬ್ಬಿಯ ಬಣ್ಣವೂ ಮೈಮೇಲಿನ ಗಂಧೆಯೂ: 9ನೇ ತರಗತಿಗೆ ಒಂದು ವಿಜ್ಞಾನ ಪಾಠ

ಪಾಠದ ಅಗತ್ಯ

ಉಮ್ಮತ್ತೂರಿನಂಥ ಊರಿನ ಪ್ರೌಢಶಾಲೆಯಲ್ಲೂ ಕಬಡ್ಡಿ ಆಡುವ ಹುಡುಗರು ಪ್ರೋಟೀನ್ ಪುಡಿಯ ಡಬ್ಬಿಯ ಮಾತಾಡುವ ಕಾಲವಿದು. ಸ್ಟ್ರಾಬೆರಿ, ಮಾವು ಎಂದು ಬರೆದ ಕೆಲವು ಡಬ್ಬಿಗಳಲ್ಲಿ ಹಣ್ಣಿನ ಬಣ್ಣ ಕಾಣುವುದು ಹಣ್ಣಿನಿಂದಲ್ಲ, ಸೇರಿಸಿದ ಬಣ್ಣದಿಂದ. ಕುಡಿದವನ ಮೈಮೇಲೆ ದದ್ದು ಎದ್ದರೆ ಮನೆಯಲ್ಲಿ ‘ಪಿತ್ತಗಂಧೆ’ ಎಂದು ಸುಮ್ಮನಾಗುತ್ತಾರೆ, ಇಲ್ಲವೇ ‘ಬಣ್ಣದ್ದೇ ಕಾಟ’ ಎಂದು ತೀರ್ಮಾನಿಸುತ್ತಾರೆ. ಎರಡೂ ಪರೀಕ್ಷಿಸದ ಊಹೆಗಳು. ಮಿಶ್ರಣಗಳ ಬೇರ್ಪಡಿಸುವಿಕೆ ಘಟಕದ ಜೊತೆಗೆ ಒಂದು ಅವಧಿಯಲ್ಲಿ ಈ ಪಾಠ ಮಾಡಬಹುದು.

ಕಲಿಕಾ ಫಲಗಳು

ವಿದ್ಯಾರ್ಥಿಯು ಲೇಬಲ್‌ನಲ್ಲಿ ಬಣ್ಣದ ಸಂಖ್ಯೆಯನ್ನು ಗುರುತಿಸುವನು. ಮಿಶ್ರ ಬಣ್ಣವನ್ನು ಬೇರ್ಪಡಿಸುವನು. ಒಂದು ಪರಿಣಾಮಕ್ಕೆ ಹಲವು ಕಾರಣಗಳಿರುವಾಗ ತೀರ್ಮಾನಕ್ಕೆ ಆತುರಪಡದಿರುವನು.

ಪೀಠಿಕೆ

ಪರಿಚಿತವಾದುದರಿಂದ ಆರಂಭಿಸಿ. ನಮ್ಮ ಜಿಲ್ಲೆಯ ಹೊಲಗಳಲ್ಲಿ ಬಣ್ಣ ಕೊಡುವ ಬೆಳೆ ಯಾವುವು ಎಂದು ಕೇಳಿ. ಅರಿಸಿನ, ಗುಂಡ್ಲುಪೇಟೆ ಕಡೆಯ ಚೆಂಡು ಹೂ ಎಂಬ ಉತ್ತರ ಬರುತ್ತದೆ. ಅರಿಸಿನದ ಕರ್ಕ್ಯುಮಿನ್‌ಗೆ ಆಹಾರ ಬಣ್ಣಗಳ ಪಟ್ಟಿಯಲ್ಲಿ 100 ಎಂಬ ಸಂಖ್ಯೆಯಿದೆ. ಚೆಂಡು ಹೂವಿನ ಎಸಳಿನಿಂದ ತೆಗೆವ ಲ್ಯೂಟೀನ್ ಕೋಳಿ ಆಹಾರಕ್ಕೆ ಸೇರಿ ಮೊಟ್ಟೆಯ ಹಳದಿಗೆ ಬಣ್ಣ ತರುತ್ತದೆ. ಇಷ್ಟಾದ ಮೇಲೆ ಕೇಳಿ: ಗೋಬಿ ಮಂಚೂರಿಯ ಕೆಂಪು ಯಾವ ಹೊಲದಿಂದ ಬಂತು?

ವಿಷಯ ಮಂಡನೆ

2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣಗಳು ಸಿಕ್ಕಿದ್ದವು. ಮಿಠಾಯಿಯಲ್ಲಿ ಸಿಕ್ಕ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಆಹಾರಕ್ಕೆ ಅದು ಎಷ್ಟು ಕಡಿಮೆಯಾದರೂ ಸಲ್ಲದು. ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗೂ ನಿಷೇಧ ಬಂತು.

ಇಲ್ಲಿ ಒಂದು ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕು. ಆಹಾರಕ್ಕೆ ಎಂದೂ ಸಲ್ಲದ ಬಣ್ಣ ಬೇರೆ, ನಿರ್ದಿಷ್ಟ ಆಹಾರಗಳಿಗೆ ಮಿತಿಯೊಳಗೆ ಅನುಮತಿಯಿರುವ ಬಣ್ಣ ಬೇರೆ. ಎರಡನೆಯ ಗುಂಪಿಗೆ ಉದಾಹರಣೆ: ಟಾರ್ಟ್ರಜಿನ್ 102, ಸನ್‌ಸೆಟ್ ಯೆಲ್ಲೋ 110, ಕಾರ್ಮೊಯ್ಸಿನ್ 122. ಕಬಾಬ್‌ನಲ್ಲಿ ಸಿಕ್ಕ ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್ ಈ ಗುಂಪಿನವೇ. ಬೇರೆಡೆ ಸಲ್ಲುವ ಬಣ್ಣ ಅಲ್ಲಿ ಸಲ್ಲಲಿಲ್ಲ.

ಚಟುವಟಿಕೆ 1: ಸೀಮೆಸುಣ್ಣದ ಮೇಲೆ ಬಣ್ಣದ ಓಟ

ಹಸಿರು ಬಣ್ಣದ ಮಿಠಾಯಿಯನ್ನು ಎರಡು ಹನಿ ನೀರಿನಲ್ಲಿ ಉಜ್ಜಿ ಬಣ್ಣ ತೆಗೆಯಿರಿ. ಬಿಳಿ ಸೀಮೆಸುಣ್ಣದ ಬುಡದಿಂದ 2 ಸೆಂ.ಮೀ. ಮೇಲೆ ಚುಕ್ಕೆ ಇಡಿ. ಇನ್ನೊಂದರ ಮೇಲೆ ಅರಿಸಿನದ ಚುಕ್ಕೆ. ಎರಡನ್ನೂ 1 ಸೆಂ.ಮೀ. ನೀರಿನಲ್ಲಿ ನೇರ ನಿಲ್ಲಿಸಿ. ನೀರು ಏರುತ್ತಿದ್ದಂತೆ ಮಿಠಾಯಿಯ ಬಣ್ಣವೂ ಏರುತ್ತದೆ. ಹಳದಿ, ನೀಲಿ ಬೆರೆಸಿ ಮಾಡಿದ ಹಸಿರಾದರೆ ಅವು ಬೇರೆಯಾಗುತ್ತವೆ. ಅರಿಸಿನ ಬಹುಪಾಲು ಅಲ್ಲೇ ಉಳಿಯುತ್ತದೆ, ಏಕೆಂದರೆ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲವೆನ್ನುವಷ್ಟು ಕಡಿಮೆ. ಪರೀಕ್ಷೆಗೆ ಬಳಸಿದ್ದನ್ನು ಯಾರೂ ತಿನ್ನಬಾರದು.

ಚಟುವಟಿಕೆ 2: ಮಿತಿಯ ಲೆಕ್ಕ

ಟಾರ್ಟ್ರಜಿನ್‌ಗೆ ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಇಟ್ಟ ದಿನದ ಮಿತಿ, ದೇಹತೂಕದ ಪ್ರತಿ ಕಿಲೋಗೆ 7.5 ಮಿ.ಗ್ರಾಂ. 40 ಕಿಲೋ ತೂಗುವ ವಿದ್ಯಾರ್ಥಿಗೆ 300 ಮಿ.ಗ್ರಾಂ. ಒಂದು ಕಿಲೋದಲ್ಲಿ 100 ಮಿ.ಗ್ರಾಂ. ಬಣ್ಣವಿರುವ ತಿಂಡಿಯಾದರೆ 3 ಕಿಲೋ ತಿನ್ನಬೇಕು. ಹಾಗಾದರೆ ಭಯವಿಲ್ಲವೇ? ಇಲ್ಲೇ ತರಗತಿ ಯೋಚಿಸಬೇಕು. ಆ ಮಿತಿ ಸಾಮಾನ್ಯ ಜನರಿಗೆ ವಿಷವಾಗದಿರಲು ಇಟ್ಟದ್ದು. ಮೈ ಒಗ್ಗದವನಿಗೆ ಅದಕ್ಕಿಂತ ಬಹಳ ಕಡಿಮೆಯೂ ಸಾಕಾಗಬಹುದು. ಅಂಥವರು ವಿರಳ: ಟಾರ್ಟ್ರಜಿನ್‌ನಿಂದ ಪಿತ್ತಗಂಧೆ ಏಳುವುದು 10,000 ಜನರಲ್ಲಿ ಒಬ್ಬರಿಗಿಂತ ಕಡಿಮೆ ಎಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅಂದಾಜು.

ಚರ್ಚೆ: ಯಾರ ಮೇಲೆ ಅನುಮಾನ?

ಪ್ರೋಟೀನ್ ಪುಡಿಯಲ್ಲಿ ಬಣ್ಣವೊಂದೇ ಇಲ್ಲ. ಹಾಲಿನ ಪ್ರೋಟೀನ್, ಸೋಯಾ, ಸಿಹಿಕಾರಕ, ಪರಿಮಳ ಎಲ್ಲವೂ ಇರಬಹುದು. ಅಲರ್ಜಿಗೆ ಬಣ್ಣಕ್ಕಿಂತ ಹಾಲು, ಸೋಯಾಗಳೇ ಹೆಚ್ಚು ಹೆಸರಾದವು. ಅದಕ್ಕೇ ನಮ್ಮ ಕಾಯಿದೆ ಅವನ್ನು ಲೇಬಲ್‌ನಲ್ಲಿ ಪ್ರತ್ಯೇಕವಾಗಿ ಸೂಚಿಸಲು ಹೇಳುತ್ತದೆ. ಹಾಲು ಒಗ್ಗದವನು ಬಣ್ಣವಿಲ್ಲದ ಪುಡಿಗೆ ಬದಲಾಯಿಸಿದರೆ ಅಪಾಯ ಹಾಗೇ ಉಳಿಯಿತು. ಬಣ್ಣ ಒಗ್ಗದವನು ಹಾಲಿನ ಮೇಲೆ ತಪ್ಪು ಹೊರಿಸಿದರೆ ಕ್ಷೀರಭಾಗ್ಯದ ಲೋಟವನ್ನೂ ಸುಮ್ಮನೆ ಕಳೆದುಕೊಂಡ. ‘ನೈಸರ್ಗಿಕ’ ಎಂದಾಕ್ಷಣ ಎಲ್ಲರಿಗೂ ಒಗ್ಗುತ್ತದೆ ಎಂದಲ್ಲ; ಕೀಟದಿಂದ ತೆಗೆವ ಕಾರ್ಮೈನ್ ಕೆಂಪಿನಿಂದಲೂ ಅಲರ್ಜಿ ಆದದ್ದುಂಟು.

ಮಾಡಬೇಕಾದದ್ದು ಇಷ್ಟು: ಪುಡಿ ನಿಲ್ಲಿಸುವುದು, ತಿಂದದ್ದು ಮತ್ತು ದದ್ದು ಎದ್ದ ಹೊತ್ತನ್ನು ಬರೆದಿಡುವುದು, ಲೇಬಲ್ ಸಮೇತ ವೈದ್ಯರನ್ನು ಕಾಣುವುದು. ಮತ್ತೆ ತಿಂದು ನೋಡುವ ಪ್ರಯೋಗ ಮನೆಯಲ್ಲಿ ಬೇಡ. ತುಟಿ ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಬೋಧಕರಿಗೆ ಸೂಚನೆ: ತರಗತಿಯಲ್ಲಿ ಚರ್ಮದ ತೊಂದರೆಯಿರುವ ಮಗುವನ್ನು ಉದಾಹರಣೆಯಾಗಿ ನಿಲ್ಲಿಸಬೇಡಿ. ಡಬ್ಬಿ ಕೊಳ್ಳಲಾಗದ ಮಕ್ಕಳೂ ಅಲ್ಲಿರುತ್ತಾರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ ಎಂಬುದನ್ನು ಅವರು ತಿಳಿದು ಹೋಗಲಿ.

ಮೌಲ್ಯಮಾಪನ

1. ಮನೆಯಲ್ಲಿರುವ ಮೂರು ಪೊಟ್ಟಣಗಳ ಲೇಬಲ್ ಓದಿ ಬಣ್ಣದ ಸಂಖ್ಯೆಗಳನ್ನು ಪಟ್ಟಿ ಮಾಡಿ.
2. ಸೀಮೆಸುಣ್ಣದ ಮೇಲೆ ಅರಿಸಿನ ಏಕೆ ಏರಲಿಲ್ಲ?
3. ಪುಡಿ ಕುಡಿದ ದಿನವೇ ದದ್ದು ಎದ್ದಿತು. ಬಣ್ಣವೇ ಕಾರಣ ಎನ್ನಲು ಇನ್ನೇನು ತಿಳಿಯಬೇಕು?