ಹಳೇ ಡೀಸೆಲ್ ಜೀಪು, ವರ್ಷಕ್ಕೊಮ್ಮೆ ಬರುವ ದುಡ್ಡು

ಕಾಫಿಗೆ ಬೆಲೆ ಬಂದ ವರ್ಷ ನಮ್ಮ ಕಡೆ ಮೊದಲು ಬದಲಾಗುವುದು ಮನೆಯ ಮುಂದಿನ ಗಾಡಿ. 1994ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟು ಇಲ್ಲಿ ಬೆಲೆ ಜಿಗಿದಾಗ ಹೀಗಾಯಿತು. ಐದಾರು ವರ್ಷದಲ್ಲಿ ಬೆಲೆ ನೆಲಕಚ್ಚಿತು. ಎಷ್ಟೋ ಮನೆಗಳಲ್ಲಿ ಕಂತು ಕಟ್ಟಲಾಗದೆ ಅದೇ ಗಾಡಿಗಳನ್ನು ಸಿಕ್ಕಿದ ರೇಟಿಗೆ ಕೊಟ್ಟದ್ದನ್ನು ನಾನು ಕಂಡಿದ್ದೇನೆ. 2024-25ರಲ್ಲಿ ರೋಬಸ್ಟಾ, ಅರೇಬಿಕಾ ಎರಡೂ ಹಿಂದೆಂದೂ ಕಾಣದ ಬೆಲೆ ಕಂಡ ಮೇಲೆ ಮೂಡಿಗೆರೆಯಿಂದ ಕಳಸದವರೆಗೆ ರಸ್ತೆ ತುಂಬ ಹೊಸ ಗಾಡಿಗಳ ಹೊಳಪು. ನನ್ನ 1998ರ ಮಹೀಂದ್ರ ಜೀಪನ್ನು ಕಂಡವರು "ಇದನ್ನ ಯಾವಾಗ ಗುಜರಿಗೆ ಹಾಕ್ತೀರಿ?" ಎಂದು ಕೇಳುತ್ತಾರೆ. ಸದ್ಯಕ್ಕೆ ಇಲ್ಲ. ಏಕೆಂದು ಲೆಕ್ಕ ಸಮೇತ ಹೇಳುತ್ತೇನೆ.

ಹನ್ನೆರಡು ಲಕ್ಷ ಸಾಲ, ಶೇಕಡ 9.5 ಬಡ್ಡಿ, 7 ವರ್ಷ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 19,600 ರೂಪಾಯಿ. ವರ್ಷಕ್ಕೆ ಎರಡು ಲಕ್ಷ ಮೂವತ್ತೈದು ಸಾವಿರ. ಏಳು ವರ್ಷಕ್ಕೆ ಬಡ್ಡಿಯೊಂದೇ ನಾಲ್ಕೂವರೆ ಲಕ್ಷದ ಹತ್ತಿರ. ಸಂಬಳದವರಿಗೆ ಇದು ತಿಂಗಳ ಲೆಕ್ಕ, ತೂಗಿಸಿಕೊಂಡು ಹೋಗಬಹುದು. ನಮಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಕುಯಿಲು ಮುಗಿದು ಕಣದಲ್ಲಿ ಒಣಗಿಸಿ ಮಾರಿದ ಮೇಲೆ. ಕಂತು ಮಾತ್ರ ಜುಲೈ ತಿಂಗಳಲ್ಲೂ ಬರುತ್ತದೆ, ಗೊಬ್ಬರಕ್ಕೂ ಕಳೆ ತೆಗೆಯುವ ಆಳುಗಳಿಗೂ ದುಡ್ಡು ಸಾಲದೆ ಕೈ ಕಟ್ಟಿಹೋಗಿರುವಾಗಲೂ. ಮಳೆಗೆ ಕಾಯಿ ಉದುರಿದ ವರ್ಷವೂ ಬ್ಯಾಂಕಿನವರು ಅಷ್ಟನ್ನೇ ಕೇಳುತ್ತಾರೆ.

ಹಳೇ ಜೀಪಿನ ಖರ್ಚು ಇನ್ನೊಂದು ಥರದ್ದು. ಇಂಜಿನ್ 1500 ಸಿಸಿ ಮೀರಿದ್ದರಿಂದ ಥರ್ಡ್ ಪಾರ್ಟಿ ವಿಮೆ 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 7,897 ರೂಪಾಯಿ, ಜಿಎಸ್‌ಟಿ ಬೇರೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. 2018ರಲ್ಲಿ ಚಿಕ್ಕಮಗಳೂರು ಆರ್‌ಟಿಒದಲ್ಲಿ ಅದರ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000. ಹಸಿರು ತೆರಿಗೆ ಪ್ರತ್ಯೇಕ. ಸರ್ಕಾರಕ್ಕೆ ಹಳೇ ಗಾಡಿ ಬೇಡವಾಗಿದೆ ಎಂಬುದು ಸ್ಪಷ್ಟ. ಆದರೂ ಹತ್ತು ಸಾವಿರವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಎರಡು ಸಾವಿರ. ಆಯಿಲ್, ಫಿಲ್ಟರ್, ಟೈರು, ಬ್ಯಾಟರಿ, ಸಣ್ಣಪುಟ್ಟ ರಿಪೇರಿ, ವಿಮೆ ಎಲ್ಲ ಸೇರಿ ಸಾಧಾರಣ ವರ್ಷದಲ್ಲಿ ನನಗೆ ತಗಲುವುದು ನಲವತ್ತೈದು ಸಾವಿರದ ಒಳಗೆ. ಏರ್‌ಬ್ಯಾಗ್ ಇಲ್ಲದ ಈ ಜೀಪಿನಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮಂಗಳೂರಿಗೋ ಬೆಂಗಳೂರಿಗೋ ನಾನು ಹೋಗುವುದಿಲ್ಲ, ಟ್ಯಾಕ್ಸಿ ಮಾಡುತ್ತೇನೆ. ಆ ಬಾಡಿಗೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಿದರೂ ಕಂತಿನ ಅರ್ಧಕ್ಕೆ ಬರುವುದಿಲ್ಲ.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಸ್ವಂತ ಕೈಯಲ್ಲಿ ರಿಪೇರಿ ಮಾಡಿಕೊಂಡರೆ ಮೆಕ್ಯಾನಿಕ್ ಕೂಲಿ ಉಳಿಯುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆ ಉಳಿತಾಯ ತೀರಾ ಸಣ್ಣದು. ನಮ್ಮ ಊರುಗಳಲ್ಲಿ ಆಯಿಲ್ ಬದಲಿಸಲು ಮೆಕ್ಯಾನಿಕ್ ಕೇಳುವ ಕೂಲಿ ಆಯಿಲ್ ಬೆಲೆಯ ಮುಂದೆ ಏನೂ ಅಲ್ಲ. ಲಾಭ ಇರುವುದು ಕಣ್ಣಲ್ಲಿ. ತಿಂಗಳಿಗೊಮ್ಮೆ ಗಾಡಿ ಕೆಳಗೆ ಮಲಗುವವನಿಗೆ ಹೋಸ್ ಬಿರುಕು ಬಿಡುವುದು ಒಡೆಯುವ ಮೊದಲೇ ಕಾಣುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದದ್ದು ಕೈಯಲ್ಲಿ ಅಲುಗಾಡಿಸಿದರೇ ಗೊತ್ತಾಗುತ್ತದೆ. ಮುಂಚೆಯೇ ಕಂಡರೆ ಖರ್ಚನ್ನು ಯಾವ ತಿಂಗಳಲ್ಲಿ ಮಾಡಬೇಕೆಂದು ನಾವೇ ನಿರ್ಧರಿಸಬಹುದು. ವರ್ಷಕ್ಕೊಮ್ಮೆ ದುಡ್ಡು ಕಾಣುವ ಬೆಳೆಗಾರನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರಿಲ್ಲ. ದೊಡ್ಡ ಕೆಲಸವೆಲ್ಲ ಫೆಬ್ರವರಿ, ಮಾರ್ಚ್‌ನಲ್ಲಿ, ಕಾಫಿ ದುಡ್ಡು ಕೈಯಲ್ಲಿರುವಾಗ. ಮಳೆಗಾಲಕ್ಕೆ ನೋಡಿಕೊಳ್ಳುವ ಕೆಲಸ ಮಾತ್ರ.

ಡೀಸೆಲ್ ಗಾಡಿಯಲ್ಲಿ ನೋಡಿಕೊಳ್ಳುವುದು ಎಂದರೆ ಅರ್ಧ ಭಾಗ ನೀರಿನ ಜೊತೆ ಗುದ್ದಾಟ. ಕಳಸದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆಯ ಮೇಲೆ ಕಟ್ಟಿದ ಬಟ್ಟೆಯೂ ಒಣಗುವುದಿಲ್ಲ. ಅರ್ಧ ಖಾಲಿ ಇರುವ ಟ್ಯಾಂಕಿನ ಗಾಳಿಯಲ್ಲಿ ಆ ತೇವವೆಲ್ಲ ಇರುತ್ತದೆ, ರಾತ್ರಿ ತಣಿದು ಹನಿಯಾಗಿ ಡೀಸೆಲ್‌ಗೆ ಇಳಿಯುತ್ತದೆ. ತೋಟದ ಬ್ಯಾರೆಲ್‌ನಿಂದ ಸುರಿದುಕೊಳ್ಳುವವರಿಗೆ ಇದು ಇನ್ನೂ ಹೆಚ್ಚು. ಮಳೆಗಾಲದಲ್ಲಿ ನಾನು ವಾರಕ್ಕೊಮ್ಮೆ ಫಿಲ್ಟರ್ ಬಟ್ಟಲಿನ ಕೆಳಗಿನ ಡ್ರೇನ್ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಜಾಮ್ ಬಾಟಲಿಗೆ ಸ್ವಲ್ಪ ಇಳಿಸುತ್ತೇನೆ. ಬಾಟಲಿಯನ್ನು ಕಿಟಕಿಯ ಕಟ್ಟೆ ಮೇಲೆ ಹತ್ತು ನಿಮಿಷ ಅಲುಗಾಡಿಸದೆ ಇಟ್ಟರೆ ಮೇಲೆ ತಿಳಿಹಳದಿ ಡೀಸೆಲ್ ನಿಲ್ಲುತ್ತದೆ, ತಳದಲ್ಲಿ ನೀರಿನ ಗುಳ್ಳೆ ಉರುಳಾಡುತ್ತದೆ, ನಡುವೆ ಕಂದು ಬಣ್ಣದ ತೆಳು ಪೊರೆ. ಆ ಉರುಳುವ ನೀರು ಇಂಜೆಕ್ಷನ್ ಪಂಪಿನೊಳಗೆ ಹೋದರೆ ಅದರ ಪ್ಲಂಜರ್‌ಗೆ ತುಕ್ಕು ಹಿಡಿಯುತ್ತದೆ. ಪ್ಲಂಜರ್, ಅದು ಆಡುವ ಬ್ಯಾರೆಲ್‌ಗಳ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಕಿರಿದು. ಅಲ್ಲಿ ಎಣ್ಣೆಯಾಗಿ ಕೆಲಸ ಮಾಡುವುದೂ ಡೀಸೆಲ್ಲೇ, ನೀರಿಗೆ ಆ ಜಾರುವ ಗುಣವಿಲ್ಲ. ಮಳೆಗಾಲದಲ್ಲಿ ಸಂಜೆ ಟ್ಯಾಂಕ್ ತುಂಬಿಸಿ ನಿಲ್ಲಿಸುವ ಅಭ್ಯಾಸಕ್ಕೆ ಒಂದು ಪೈಸೆ ಹೆಚ್ಚುವರಿ ಖರ್ಚಿಲ್ಲ.

ಎರಡು ಬಟ್ಟಲಿನ ಹಳೇ ಮೈಕೋ ಫಿಲ್ಟರ್ ಬಿಚ್ಚಲು ಒಂದು ಪಾನಾ ಸಾಕು. ಮೊದಲನೆಯದು ಬಟ್ಟೆಯದು, ಎರಡನೆಯದು ಕಾಗದದ್ದು. ಬದಲಿಸಿದ ಮೇಲೆ ಏರ್ ತೆಗೆಯಬೇಕು. ಫಿಲ್ಟರ್ ತಲೆಯ ಮೇಲಿನ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಫೀಡ್ ಪಂಪಿನ ಕೈಪಂಪ್ ಒತ್ತುತ್ತಾ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಬೇಕು. ಇದು ಕಾಫಿ ಮನೆಗಳಿಗೆ ಹೊಸ ವಿದ್ಯೆಯೇನಲ್ಲ. ಹೂಮಳೆ ಕೈಕೊಟ್ಟ ಮಾರ್ಚ್‌ನಲ್ಲಿ ಹಳ್ಳದ ದಂಡೆಯಲ್ಲಿ ಸ್ಪ್ರಿಂಕ್ಲರ್‌ನ ಡೀಸೆಲ್ ಪಂಪ್‌ಸೆಟ್ ನಿಂತರೆ ನಾವೂ ನಮ್ಮ ಆಳುಗಳೂ ಮಾಡುವುದು ಇದನ್ನೇ. ಪಂಪ್‌ಸೆಟ್ಟಿಗೆ ಧೈರ್ಯವಾಗಿ ಕೈ ಹಾಕುವವರು ಜೀಪಿನ ಬಾನೆಟ್ ಎತ್ತಲು ಹಿಂಜರಿಯುವುದು ನನಗೆ ಇಂದಿಗೂ ಆಶ್ಚರ್ಯ.

ಕೆಲವು ವರ್ಷದ ಹಿಂದೆ ಈ ಜೀಪು ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು ಮಾಡುತ್ತಿತ್ತು. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿಯುತ್ತಿತ್ತು. ಒಮ್ಮೆ ಹಿಡಿದರೆ ದಿನವೆಲ್ಲ ಚೆನ್ನಾಗಿ ಓಡುತ್ತಿತ್ತು. ಪಟ್ಟಣದ ಒಂದು ಗ್ಯಾರೇಜಿನಲ್ಲಿ ಪಂಪ್ ಹೋಗಿದೆ, ಓವರ್‌ಹಾಲ್ ಮಾಡಿಸಬೇಕು ಎಂದರು, ಹತ್ತಾರು ಸಾವಿರದ ಮಾತು. ಈ ಜೀಪಿನ ಪ್ಯೂಜೋ ಇಂಜಿನ್‌ನಲ್ಲಿ ಡೀಸೆಲ್ ಸಿಂಪಡಣೆಯಾಗುವುದು ಪಕ್ಕದ ಸಣ್ಣ ಕೋಣೆಯಲ್ಲಿ. ಚಳಿಯಲ್ಲಿ ಹೀಟರ್ ಪ್ಲಗ್ ಕಾಯದೆ ಅದು ಹಿಡಿಯುವುದಿಲ್ಲ. ಹಾಗಾಗಿ ಮೊದಲು ಅವನ್ನೇ ನೋಡಿದೆ. ಪ್ಲಗ್‌ಗಳನ್ನು ಜೋಡಿಸುವ ಪಟ್ಟಿ ತೆಗೆದು, ಬ್ಯಾಟರಿಯ ಪಾಸಿಟಿವ್‌ನಿಂದ ಟೆಸ್ಟ್ ಲ್ಯಾಂಪಿನ ವಯರನ್ನು ಒಂದೊಂದೇ ಪ್ಲಗ್‌ಗೆ ಮುಟ್ಟಿಸಿದರೆ ದೀಪ ಹತ್ತಬೇಕು. ನಾಲ್ಕಕ್ಕೂ ಹತ್ತಿತು. ಉಳಿದದ್ದು ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ರಬ್ಬರ್ ಪೈಪು. ಅದು ಎಳೆಯುವ ಕಡೆಯ ಪೈಪು. ಅದರಲ್ಲಿ ಸಂದು ಬಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ರಾತ್ರಿಯೆಲ್ಲ ನಿಂತಾಗ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಫೀಡ್ ಪಂಪಿನ ಮುಂದೆ ಒಂದು ಗೇಣು ಪಾರದರ್ಶಕ ಪೈಪ್ ಸಿಕ್ಕಿಸಿ ಕೈಪಂಪ್ ಒತ್ತಿದೆ, ಗುಳ್ಳೆಗಳ ಸಾಲೇ ಹರಿದು ಬಂತು. ಪೈಪು, ಎರಡು ಕ್ಲಿಪ್ಪು ಸೇರಿ ಇನ್ನೂರು ರೂಪಾಯಿಯೊಳಗೆ ಕೆಲಸ ಮುಗಿಯಿತು. ಪಂಪ್ ಬಿಚ್ಚುವ ಮಾತು ಬಂದಾಗಲೆಲ್ಲ ಮೊದಲು ಈ ಪೈಪನ್ನು ನೋಡಿ.

ಒಂದು ಎಚ್ಚರಿಕೆ. ನಾನು ಹೇಳುತ್ತಿರುವುದು ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗಳ ಮಾತು. ಕಾಮನ್ ರೈಲ್ ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಪೈಪಿನೊಳಗೆ ಸಾವಿರ ಬಾರ್ ಮೀರಿದ ಒತ್ತಡ ಇರುತ್ತದೆ, ಆ ಸಿಂಪಡಣೆ ಚರ್ಮವನ್ನೇ ತೂರಿ ಒಳಗೆ ಹೋಗಬಲ್ಲದು. ಅಲ್ಲಿ ಇಂಜೆಕ್ಟರ್ ನಟ್ಟಿಗೆ ಪಾನಾ ಹಾಕಲೇಬಾರದು.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ, ಕೆಲವರಂತೂ ಇಂಜಿನ್ ಆಫ್ ಮಾಡಿ, ಡೀಸೆಲ್ ಉಳಿಸುವವರನ್ನು ಚಾರ್ಮಾಡಿಯಲ್ಲೂ ಬಾಳೂರು ಕಡೆಯ ಇಳಿತಗಳಲ್ಲೂ ನೋಡಿದ್ದೇನೆ. ಇದು ದುಡ್ಡಿನ ಲೆಕ್ಕದಲ್ಲೂ ತಪ್ಪು. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಪಂಪಿನ ಗವರ್ನರ್ ಡೀಸೆಲ್ಲನ್ನು ಪೂರ್ತಿ ನಿಲ್ಲಿಸುತ್ತದೆ. ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಬದುಕಿರಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಆಫ್ ಮಾಡಿದರಂತೂ ಬೂಸ್ಟರ್‌ಗೆ ವ್ಯಾಕ್ಯೂಮ್ ಕೊಡುವ ಪಂಪೇ ನಿಲ್ಲುತ್ತದೆ, ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ.

ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು ಇನ್ನೊಂದು ಅಭ್ಯಾಸ. ಘಾಟಿ ಹತ್ತುವಾಗ ಬಿಸಿಯಾಗುತ್ತದೆ ಎಂದರೆ ಕೆಲವು ಮೆಕ್ಯಾನಿಕ್‌ಗಳು ಮೊದಲು ಮಾಡುವುದೇ ಇದು. ಕಾದಿರಬೇಕಾದಷ್ಟು ಕಾಯದ ಇಂಜಿನ್ ಬೇಗ ಸವೆಯುತ್ತದೆ, ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ. ಬಿಸಿಯಾಗಲು ಕಾರಣ ಸಾಮಾನ್ಯವಾಗಿ ಹಳ್ಳದ ನೀರು ತುಂಬಿಸಿ ತುಕ್ಕು ಕಟ್ಟಿದ ರೇಡಿಯೇಟರ್, ಸಡಿಲಾದ ಫ್ಯಾನ್ ಬೆಲ್ಟ್. ರೇಡಿಯೇಟರ್ ತೊಳೆದು ಕೂಲೆಂಟ್ ಹಾಕಿ, ಬೆಲ್ಟ್ ಬಿಗಿ ಮಾಡಿ, ಅಷ್ಟೇ.

ಗಾಡಿ ಕೆಳಗೆ ಹೋಗುವಾಗ ಜಾಕ್ ಒಂದನ್ನೇ ನಂಬಬಾರದು. ಸಿಲ್ವರ್ ಓಕ್ ದಿಮ್ಮಿಯ ತುಂಡು ತೋಟದಲ್ಲಿ ಎಷ್ಟೋ ಬಿದ್ದಿರುತ್ತದೆ, ಆದರೆ ಅದು ಉರುಳುತ್ತದೆ, ಸೀಳುತ್ತದೆ. ಒಂದು ಜೊತೆ ಕಬ್ಬಿಣದ ಆಕ್ಸಲ್ ಸ್ಟ್ಯಾಂಡ್ ಕೊಳ್ಳಿ. ಉಪಕರಣಕ್ಕೆ ಇಡುವ ದುಡ್ಡಿನಲ್ಲಿ ಮೊದಲ ಪಾಲು ಅದಕ್ಕೆ. ಆಮೇಲೆ ಪಾನಾ ಸೆಟ್ಟು. ಈ ಜೀಪುಗಳಲ್ಲಿ ಚಾಸಿಯ ಬೋಲ್ಟು ವಿಲ್ಲಿಸ್ ಕಾಲದ ಇಂಚಿನ ಅಳತೆ, ಪ್ಯೂಜೋ ಇಂಜಿನ್ನಿನದು ಮಿಲಿಮೀಟರ್. ಎರಡೂ ಸೆಟ್ ಬೇಕೇ ಬೇಕು. ಹತ್ತಿರದ ಅಳತೆಯ ಪಾನಾದಲ್ಲಿ ಎಳೆದಾಡಿದರೆ ನಟ್ಟಿನ ಮೂಲೆ ಸವೆದು ಐದು ನಿಮಿಷದ ಕೆಲಸಕ್ಕೆ ಗ್ಯಾಸ್ ಕಟ್ಟರ್ ಬೇಕಾಗುತ್ತದೆ. ಇಳಿಸಿದ ಕಪ್ಪು ಆಯಿಲ್ಲನ್ನು ಮೋರಿಗೋ ತೋಟಕ್ಕೋ ಚೆಲ್ಲಬೇಡಿ. ಹೇಮಾವತಿ ಹುಟ್ಟುವುದು ಇಲ್ಲೇ ಜಾವಳಿಯಲ್ಲಿ, ಭದ್ರೆ ಹರಿಯುವುದು ಕಳಸದ ಮಗ್ಗುಲಲ್ಲೇ. ಡಬ್ಬಿಯಲ್ಲಿ ಕೂಡಿಟ್ಟು, ಹಳೇ ಆಯಿಲ್ ಕೊಳ್ಳುವವರಿಗೆ ಕೊಡುತ್ತೇನೆ.

ಬ್ರೇಕ್ ವಿಷಯದಲ್ಲಿ ನಾನು ನೋಡುವುದು, ತೊಳೆಯುವುದು ಇಷ್ಟಕ್ಕೇ ನಿಲ್ಲಿಸುತ್ತೇನೆ. ಮಳೆಗಾಲದ ಕೆಸರು ಡ್ರಮ್ಮಿನೊಳಗೆ ಸೇರಿ ಲೈನರ್ ತಿನ್ನುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಕೆಡುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನೂ ಸಿಲಿಂಡರ್ ಕೆಲಸವನ್ನೂ ಮೆಕ್ಯಾನಿಕ್‌ಗೇ ಕೊಡುತ್ತೇನೆ, ಅಲ್ಲಿ ಬೆಲೆ ಚೌಕಾಸಿ ಮಾಡುವುದಿಲ್ಲ. ಆಲ್ದೂರು, ಮೂಡಿಗೆರೆ ಕಡೆ ಆನೆಗಳ ಓಡಾಟ ಇರುವ ತೋಟದ ರಸ್ತೆಯಲ್ಲಿ ಸಂಜೆಗತ್ತಲಲ್ಲಿ ಗಾಡಿ ಕೈಕೊಟ್ಟರೆ ಅದು ದುಡ್ಡಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕುಯಿಲಿನ ದಿನಗಳಲ್ಲಿ ಆಳುಗಳನ್ನು ಮನೆ ಮುಟ್ಟಿಸುವುದು ಇದೇ ಜೀಪು.

ಯಾವಾಗ ಕೈಬಿಡಬೇಕು ಎಂಬುದನ್ನೂ ಬರೆದಿಟ್ಟುಕೊಂಡಿದ್ದೇನೆ. ಇಂಜಿನ್ ಬೋರಿಗೆ ಬಂದರೆ ಮಾಡಿಸುತ್ತೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಮಾನು ಇನ್ನೂ ಸಿಗುತ್ತದೆ. ಸ್ಪ್ರಿಂಗ್ ಪಟ್ಟಿ ಕೂರುವ ಜಾಗದಲ್ಲಿ ಚಾಸಿ ತುಕ್ಕು ತಿಂದು ತೂತಾದರೆ ಮಾತ್ರ ಅಲ್ಲಿಗೆ ಮುಗಿಯಿತು. ವೆಲ್ಡಿಂಗ್ ತೇಪೆ ಹಚ್ಚಿ ಓಡಿಸುವುದಿಲ್ಲ. ಆ ದಿನಕ್ಕೆಂದು ಕಾಫಿ ಮಾರಿದ ಕೂಡಲೇ ವರ್ಷಕ್ಕೆ ಒಂದು ಲಕ್ಷವನ್ನು ಬೇರೆ ಖಾತೆಯಲ್ಲಿ ಠೇವಣಿ ಇಡುತ್ತೇನೆ. ಬೆಲೆ ಚೆನ್ನಾಗಿದ್ದ ವರ್ಷ ಇನ್ನಷ್ಟು. ರಿಪೇರಿಗೆ ಹೋದದ್ದು ಹೋಗಿ ಉಳಿದದ್ದು ಬೆಳೆಯುತ್ತಿದೆ. ಮುಂದಿನ ಗಾಡಿಯನ್ನು ಸಾಲವಿಲ್ಲದೆ, ಬೆಲೆ ಬಿದ್ದ ವರ್ಷದಲ್ಲಿ, ಬೇರೆಯವರೆಲ್ಲ ಮಾರುತ್ತಿರುವಾಗ ಕೊಳ್ಳಬೇಕೆಂಬುದು ನನ್ನ ಲೆಕ್ಕ.

ಇಂಜೆಕ್ಷನ್ ಪಂಪಿನ ಒಳಗೆ ನಾನು ಕೈ ಹಾಕುವುದಿಲ್ಲ. ಅದಕ್ಕೆ ಟೆಸ್ಟ್ ಬೆಂಚ್ ಬೇಕು, ಪ್ರತಿ ಸಿಲಿಂಡರ್‌ಗೂ ಅಳತೆಗೊಳವೆಯಲ್ಲಿ ಸಮನಾಗಿ ಡೀಸೆಲ್ ಬೀಳುವುದನ್ನು ನೋಡಿ ಹೊಂದಿಸುವ ಕೈ ಬೇಕು. ಆ ಕೆಲಸ ಬಲ್ಲವರಿಗೆಲ್ಲ ಈಗ ವಯಸ್ಸಾಗುತ್ತಿದೆ. ಅವರ ಹುಡುಗರು ಲ್ಯಾಪ್‌ಟಾಪ್ ಚುಚ್ಚಿ ನೋಡುವ ಗಾಡಿಗಳ ಕಡೆ ಹೋಗಿದ್ದಾರೆ. ಹಳೇ ಡೀಸೆಲ್ ಇಟ್ಟುಕೊಂಡವರೆಲ್ಲ ಸಣ್ಣ ಕೆಲಸ ತಾವೇ ಮಾಡಿಕೊಂಡು, ದೊಡ್ಡ ಕೆಲಸಕ್ಕೆ ಈ ಹಿರಿಯರಿಗೆ ಕೇಳಿದಷ್ಟು ಕೊಡಬೇಕು ಎಂಬುದು ನನ್ನ ಕಳಕಳಿ, ಏಕೆಂದರೆ ಅವರ ಬೆಂಚು ಮುಚ್ಚಿದ ದಿನ ನಮ್ಮ ಜೀಪುಗಳೂ ನಿಲ್ಲುತ್ತವೆ. ನನ್ನ ಜೀಪು ಈಚೆಗೆ ಏರಿನಲ್ಲಿ ಸ್ವಲ್ಪ ಹೊಗೆ ಬಿಡುತ್ತಿದೆ. ಪೈಪು, ಏರ್ ಫಿಲ್ಟರ್ ಎರಡನ್ನೂ ನೋಡಿಯಾಗಿದೆ, ಅಲ್ಲೇನೂ ಇಲ್ಲ. ಬರುವ ಫೆಬ್ರವರಿಯಲ್ಲಿ ಕಣದ ಕೆಲಸ ಮುಗಿದ ವಾರ ಪಂಪನ್ನು ಬಿಚ್ಚಿ ಬೆಂಚಿಗೆ ಒಯ್ಯುತ್ತೇನೆ. ಅದರ ದುಡ್ಡನ್ನು ಆ ಖಾತೆಯಲ್ಲಿ ಈಗಲೇ ಎತ್ತಿಟ್ಟಿದ್ದೇನೆ.