ಕಂಡ ತೂತೆಲ್ಲ ಗಾಯವಲ್ಲ

ಪ್ರೀತಿಯ ಶಿಷ್ಯೆಗೆ,

ಕೀಲಿನೊಳಗೆ ಕ್ಯಾಮೆರಾ ಇಳಿಸಿ ಮಾಡುವ ಆರ್ತ್ರೋಸ್ಕೋಪಿಯ ತರಬೇತಿಗೆ ಸೀಟು ಸಿಕ್ಕಿದ್ದು ತಿಳಿದು ತುಂಬ ಸಂತೋಷವಾಯಿತು. ಗಂಟು ಹಾಕುವುದು, ಹೊಲಿಗೆಯನ್ನು ಮೂಳೆಗೆ ಹಿಡಿಸುವ ಆ್ಯಂಕರ್ ಕೂರಿಸುವುದು ಬೇಗ ಕೈಗೆ ಹತ್ತಬೇಕು, ಏನು ಓದಲಿ ಎಂದು ಕೇಳಿದ್ದೀಯ. ಗಂಟು ಹಾಕುವುದನ್ನು ಕೈ ನಾಲ್ಕು ತಿಂಗಳಲ್ಲಿ ಕಲಿತುಬಿಡುತ್ತದಮ್ಮ. ಎಲ್ಲಿ ಹಾಕಬಾರದು ಎಂಬುದನ್ನು ಕಣ್ಣು ಕಲಿಯಬೇಕು, ಅದು ನಿಧಾನದ ವಿದ್ಯೆ. ನಿನ್ನ ಓರಗೆಯವರಿಗೂ ಉಪಯೋಗವಾಗಲಿ ಎಂದು ಉತ್ತರವನ್ನು ಎಲ್ಲರೆದುರೇ ಬರೆಯುತ್ತಿದ್ದೇನೆ.

ಭುಜವನ್ನೇ ತೆಗೆದುಕೋ. ಅದರ ಕೀಲಿನ ಗ್ಲೆನಾಯ್ಡ್ ಎಂಬುದು ಆಳವಿಲ್ಲದ ಸಣ್ಣ ತಟ್ಟೆ. ತೋಳಿನ ದುಂಡು ತಲೆ ಅದರಿಂದ ಜಾರದಂತೆ ಸುತ್ತಲೂ ಲೇಬ್ರಮ್‌ನ ಅಂಚಿದೆ. ಪುಸ್ತಕದ ಚಿತ್ರದಲ್ಲಿ ಈ ಅಂಚು ಎಲ್ಲ ಕಡೆಯೂ ಮೂಳೆಗೆ ಅಂಟಿಕೊಂಡಿರುತ್ತದೆ. ನಿಜವಾದ ಭುಜಗಳು ಚಿತ್ರದ ಮಾತು ಕೇಳುವುದಿಲ್ಲ. ಗ್ಲೆನಾಯ್ಡ್ ಅಂಚನ್ನು ಗಡಿಯಾರದ ಮುಖವೆಂದುಕೊಂಡರೆ, ಬಲಭುಜದಲ್ಲಿ 1ರಿಂದ 3 ಗಂಟೆಯವರೆಗಿನ ಮುಂಭಾಗದಲ್ಲಂತೂ ಒಬ್ಬರಂತೆ ಇನ್ನೊಬ್ಬರಿಲ್ಲ. ಕೆಲವರಲ್ಲಿ ಅಲ್ಲಿ ಲೇಬ್ರಮ್ ಮೂಳೆಗೆ ಅಂಟಿಯೇ ಇರುವುದಿಲ್ಲ, ನಡುವೆ ಪ್ರೋಬ್ ಕಡ್ಡಿ ತೂರುವಷ್ಟು ಕಿಂಡಿ. ಅದೇ ಸಬ್‌ಲೇಬ್ರಲ್ ಫೊರಾಮೆನ್. ಇನ್ನು ಕೆಲವರಲ್ಲಿ ಆ ತುಂಡು ಲೇಬ್ರಮ್ಮೇ ಇಲ್ಲ. ಬದಲಿಗೆ ಮಧ್ಯದ ಗ್ಲೆನೊಹ್ಯೂಮರಲ್ ಲಿಗಮೆಂಟ್ ಹಗ್ಗದಂತೆ ದಪ್ಪಗಾಗಿ ನೇರವಾಗಿ ಬೈಸೆಪ್ಸ್ ಬುಡಕ್ಕೆ ಹೋಗಿ ಸೇರುತ್ತದೆ. ಇದು ಬಫರ್ಡ್ ಕಾಂಪ್ಲೆಕ್ಸ್.

1994ರಲ್ಲಿ ವಿಲಿಯಮ್ಸ್, ಸ್ನೈಡರ್ ಮತ್ತು ಬಫರ್ಡ್ 200 ಭುಜಗಳ ಆರ್ತ್ರೋಸ್ಕೋಪಿ ವಿಡಿಯೊಗಳನ್ನು ಮತ್ತೆ ನೋಡಿ ಲೆಕ್ಕ ಹಾಕಿದರು. 24ರಲ್ಲಿ ಕಿಂಡಿ ಇತ್ತು, 3ರಲ್ಲಿ ಬಫರ್ಡ್ ಕಾಂಪ್ಲೆಕ್ಸ್. ಅಂದರೆ ಶೇ 12 ಮತ್ತು ಶೇ 1.5. ಈ ಮೂವರಲ್ಲಿ ಸ್ನೈಡರ್ ಹೆಸರನ್ನು ಗುರುತು ಮಾಡಿಕೋ. ಬೈಸೆಪ್ಸ್ ಬುಡದಲ್ಲಿ ಲೇಬ್ರಮ್ ಹರಿಯುವುದಕ್ಕೆ ಸ್ಲ್ಯಾಪ್ ಎಂದು ಹೆಸರಿಟ್ಟು, 1990ರಲ್ಲಿ ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದವರು ಅವರೇ. ಹರಿದದ್ದನ್ನು ಗುರುತಿಸಲು ಕಲಿಸಿದ ಮನುಷ್ಯನೇ ನಾಲ್ಕು ವರ್ಷದ ನಂತರ, ಹರಿದಂತೆ ಕಾಣುವ ಎಲ್ಲವೂ ಹರಿದಿಲ್ಲ ಎಂದು ತೋರಿಸಬೇಕಾಯಿತು. ಹೆಸರು ಹುಟ್ಟಿದ ಮೇಲೆ ಕಾಯಿಲೆ ಎಲ್ಲೆಲ್ಲೂ ಕಾಣತೊಡಗುತ್ತದೆ. ಹಾಗೆಂದು ಲೇಬ್ರಮ್ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುವುದು ಕ್ಯಾಮೆರಾ ಬಂದ ಮೇಲೆ ತಿಳಿದ ಸಂಗತಿಯೂ ಅಲ್ಲ. ಡಿಪಾಲ್ಮ ಮತ್ತು ಸಂಗಡಿಗರು 1949ರಲ್ಲೇ ಶವಗಳ ಭುಜ ಬಿಡಿಸಿ ಈ ವೈವಿಧ್ಯವನ್ನು ದಾಖಲಿಸಿದ್ದರು.

ಹುಟ್ಟಿನಿಂದ ಬಂದ ಕಿಂಡಿಯನ್ನು ಗಾಯವೆಂದು ಬಗೆದು ಹೊಲಿದರೆ ಏನಾಗುತ್ತದೆ? ಬಫರ್ಡ್ ಹಗ್ಗವನ್ನು ಗ್ಲೆನಾಯ್ಡ್ ಅಂಚಿಗೆ ಬಿಗಿದರೆ ತೋಳು ಹೊರಕ್ಕೆ ತಿರುಗುವುದಿಲ್ಲ, ಮೇಲಕ್ಕೂ ಸಲೀಸಾಗಿ ಏಳುವುದಿಲ್ಲ, ಏಳಿಸಿದರೆ ನೋವು. ಜಡೆ ಹೆಣೆಯಲು, ಅಟ್ಟದ ಮೇಲಿನ ಡಬ್ಬಿ ಇಳಿಸಲು, ಚೆಂಡು ಎಸೆಯಲು ಬೇಕಾದದ್ದು ಅದೇ ತಿರುವು. ರೋಗಿ ನಿನ್ನ ಬಳಿ ತಂದದ್ದು ಒಂದು ನೋವು, ಒಯ್ಯುವುದು ಇನ್ನೊಂದು.

ಹಾಗಾದರೆ ಹುಟ್ಟಿನ ಕಿಂಡಿಯನ್ನು ಗಾಯದಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಆಪರೇಷನ್ ಥಿಯೇಟರ್‌ಗೂ ಸಲ್ಲುತ್ತದೆ. ಮೊದಲು ಅಂಚು ನೋಡು. ಹುಟ್ಟಿನ ಕಿಂಡಿಯ ಅಂಚು ನುಣುಪು, ಅದರಡಿಯ ಮೃದ್ವಸ್ಥಿ ಹೊಳೆಯುತ್ತಿರುತ್ತದೆ. ಹರಿದಿದ್ದರೆ ಎಳೆಎಳೆಯಾಗಿ ಬಿಟ್ಟಿರುತ್ತದೆ, ರಕ್ತದ ಗುರುತೋ ಬರಿಮೂಳೆಯೋ ಕಾಣುತ್ತದೆ. ಬಳಿಕ ಜಾಗ ನೋಡು. 11ರಿಂದ 1 ಗಂಟೆಯ ನಡುವೆ ಬೈಸೆಪ್ಸ್ ಬುಡದಡಿ ಸಣ್ಣ ಸಂದು ಇರುವುದು ಸಹಜ, ಆದರೆ ಬುಡವೇ ಪ್ರೋಬ್‌ಗೆ ಎದ್ದು ಬಂದರೆ ಸಹಜವಲ್ಲ. ಮುಂಭಾಗದಲ್ಲಿ 3 ಗಂಟೆಯಿಂದ ಕೆಳಗೆ ಲೇಬ್ರಮ್ ಬಿಟ್ಟಿದ್ದರೆ ಅದನ್ನೂ ಹುಟ್ಟಿನದೆಂದು ಸಮಾಧಾನ ಹೇಳಿಕೊಳ್ಳಬೇಡ, ಭುಜ ಜಾರಿದವರ ಬ್ಯಾಂಕಾರ್ಟ್ ಗಾಯ ಇರುವುದು ಅಲ್ಲೇ. ಮೇಲೆ ಹುಟ್ಟಿನ ಕಿಂಡಿ, ಕೆಳಗೆ ನಿಜವಾದ ಗಾಯ, ಎರಡೂ ಒಂದೇ ಭುಜದಲ್ಲಿರಬಹುದು. ಆಗ ಕೆಳಗಿನದನ್ನು ಹೊಲಿ, ಮೇಲಿನದನ್ನು ಬಿಡು.

ಗಡಿಯಾರದ ಬಗ್ಗೆಯೂ ಒಂದು ಎಚ್ಚರ. ಎಡಭುಜದಲ್ಲಿ ಮುಂಭಾಗ 9 ಗಂಟೆಗೆ ಬರುತ್ತದೆ, ಆದರೂ ಎರಡೂ ಬದಿಗೆ ಮುಂಭಾಗವನ್ನು 3 ಎಂದೇ ಬರೆಯುವವರಿದ್ದಾರೆ. ನೀನು ಗಂಟೆಯ ಜೊತೆಗೆ ಮುಂದೆ, ಹಿಂದೆ, ಮೇಲೆ, ಕೆಳಗೆ ಎಂದೂ ಬರೆ.

ಹಿಂಬದಿಗೆ ಹೋದರೆ ತೋಳಿನ ತಲೆಯ ಮೇಲೆ ಮೃದ್ವಸ್ಥಿ ಇಲ್ಲದ ಬೋಳು ಪಟ್ಟಿಯೊಂದು ಕಾಣುತ್ತದೆ. ಅದು ಎಲ್ಲರಲ್ಲೂ ಇರುವಂಥದ್ದು. ಕೀಲು ಜಾರಿದಾಗ ಬೀಳುವ ಹಿಲ್-ಸ್ಯಾಕ್ಸ್ ತಗ್ಗು ಇನ್ನೂ ಮೇಲಿರುತ್ತದೆ, ತಗ್ಗಿನ ಎರಡೂ ದಡದಲ್ಲಿ ಮೃದ್ವಸ್ಥಿ ಉಳಿದಿರುತ್ತದೆ.

ಕೀಲಿನಿಂದ ಹೊರಬಂದು ಆಕ್ರೋಮಿಯನ್ ಅಡಿಗೆ ಹೋಗುವ ಮೊದಲು ಎಕ್ಸ್‌ರೇ ಮತ್ತೊಮ್ಮೆ ನೋಡು. ಆಕ್ರೋಮಿಯನ್ನಿನ ಮೂಳೆ ತುಂಡುಗಳು ಸುಮಾರು 25ರ ವಯಸ್ಸಿನೊಳಗೆ ಕೂಡಿಕೊಳ್ಳಬೇಕು. ನೂರರಲ್ಲಿ ಸುಮಾರು ಎಂಟು ಮಂದಿಯಲ್ಲಿ ಕೂಡುವುದಿಲ್ಲ. ಅದಕ್ಕೆ ಓಸ್ ಆಕ್ರೋಮಿಯಾಲೆ ಎನ್ನುತ್ತೇವೆ. ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಅದು ತಪ್ಪಿಸಿಕೊಳ್ಳಬಹುದು, ಕಂಕುಳ ಕಡೆಯಿಂದ ತೆಗೆದದ್ದರಲ್ಲಿ ಸಿಕ್ಕಿಬೀಳುತ್ತದೆ. ಗೊತ್ತಿಲ್ಲದೆ ಅಡಿಯ ಮೂಳೆ ಹೆರೆಯುತ್ತಾ ಹೋದರೆ ಅರೆ ಅಂಟಿದ ತುಂಡು ಪೂರ್ತಿ ಸಡಿಲವಾಗಬಹುದು. ಡೆಲ್ಟಾಯ್ಡ್ ಅದನ್ನೇ ಹಿಡಿದುಕೊಂಡು ಎಳೆಯುವ ಸ್ನಾಯು ಎಂಬುದನ್ನು ಮರೆಯಬೇಡ.

ನರಗಳ ವಿಷಯಕ್ಕೆ ಬಂದಾಗ ಪುಸ್ತಕದ ಸೆಂಟಿಮೀಟರ್‌ಗಳನ್ನು ಸರಾಸರಿ ಎಂದು ಓದು. ಆಕ್ಸಿಲರಿ ನರ ಆಕ್ರೋಮಿಯನ್ ಅಂಚಿನಿಂದ ಸುಮಾರು 5 ಸೆಂ.ಮೀ. ಕೆಳಗೆ ಎನ್ನುತ್ತಾರೆ. ಕುಳ್ಳಗಿನ, ತೆಳ್ಳಗಿನ ಹೆಂಗಸಿನ ತೋಳಿನಲ್ಲಿ ಅದು ಇನ್ನೂ ಹತ್ತಿರ. ಅದೇ ನರ ಕೀಲಿನ ಕೆಳಚೀಲವನ್ನು ಒತ್ತಿಕೊಂಡೇ ಹೋಗುತ್ತದೆ, ಆದ್ದರಿಂದ 6 ಗಂಟೆಯ ಬಳಿ ಸೂಜಿ ಆಳಕ್ಕೆ ಇಳಿಸಬೇಡ. ಉಪಕರಣ ಒಳಸೇರಿಸುವ ಪೋರ್ಟಲ್ ಗುರುತಿಸುವಾಗ ಆ ರೋಗಿಯ ಮೂಳೆಯ ಮೂಲೆಗಳನ್ನು ಬೆರಳಿನಿಂದ ಮುಟ್ಟಿ, ಪೆನ್ನಿನಿಂದ ಬರೆದುಕೊಂಡು, ಆಮೇಲೆ ಬ್ಲೇಡ್ ಹಿಡಿ.

ಇಷ್ಟೆಲ್ಲ ಹೇಳಿದ್ದು ನಿನ್ನನ್ನು ಹೆದರಿಸಲು ಅಲ್ಲ. ಎರಡು ಅಭ್ಯಾಸ ಬೆಳೆಸಿಕೊಂಡರೆ ಸಾಕು. ಒಂದು, ಏನೇ ಕಂಡರೂ ಅಲ್ಲೇ ನಿಲ್ಲದೆ ಇಡೀ ಕೀಲನ್ನು ಪ್ರತಿಸಲ ಒಂದೇ ಕ್ರಮದಲ್ಲಿ ಸುತ್ತಿ ಬಾ: ಬೈಸೆಪ್ಸ್‌ನಿಂದ ಶುರುಮಾಡಿ ಮುಂದೆ, ಕೆಳಗೆ, ಹಿಂದೆ, ಕೊನೆಗೆ ರೊಟೇಟರ್ ಕಫ್. ಸಹಜ ಭುಜಗಳನ್ನು ಸಾಕಷ್ಟು ನೋಡಿದವಳಿಗೆ ಮಾತ್ರ ಅಸಹಜ ಕಾಣುತ್ತದೆ. ಇನ್ನೊಂದು, ಹಿಂದಿನ ದಿನ ಓಪಿಡಿಯಲ್ಲಿ ರೋಗಿ ಹೇಳಿದ್ದನ್ನೂ ನೀನು ತೋಳು ತಿರುಗಿಸಿ ಪರೀಕ್ಷಿಸಿದ್ದನ್ನೂ ಪರದೆಯ ಪಕ್ಕಕ್ಕೆ ಇಟ್ಟುಕೋ. ಕಂಡದ್ದು ಆ ನೋವನ್ನು ವಿವರಿಸದಿದ್ದರೆ, ಎಂಆರ್‌ಐ ವರದಿ ಏನೇ ಹೇಳಲಿ, ಆ್ಯಂಕರ್ ಡಬ್ಬಿ ತೆರೆಯಬೇಡ. ತೆರೆದ ಆ್ಯಂಕರ್‌ನ ಬಿಲ್ಲು ರೋಗಿಯದು ಎಂಬುದೂ ನೆನಪಿರಲಿ.

ಹೊಲಿಯದೆ ಬಿಟ್ಟದ್ದನ್ನೂ ಆಪರೇಷನ್ ನೋಟ್ಸ್‌ನಲ್ಲಿ ಬರೆ: ಇಂಥ ಕಡೆ ಕಿಂಡಿ ಇತ್ತು, ಅಂಚು ನುಣುಪಾಗಿತ್ತು, ಹುಟ್ಟಿನದೆಂದು ಬಿಡಲಾಗಿದೆ ಎಂದು. ಫೋಟೊ ಲಗತ್ತಿಸು. ಮನೆಯವರಿಗೂ ಕನ್ನಡದಲ್ಲಿ ಬಿಡಿಸಿ ಹೇಳು. ವರ್ಷಗಳ ನಂತರ ಬೇರೆ ಊರಿನ ಡಾಕ್ಟರರು ಅದೇ ಭುಜದ ಸ್ಕ್ಯಾನ್ ನೋಡಿ "ಇಲ್ಲಿ ಹರಿದಿದೆ" ಎಂದಾಗ, ಆ ರೋಗಿಯನ್ನು ಬೇಡದ ಆಪರೇಷನ್‌ನಿಂದ ಉಳಿಸುವುದು ನೀನು ಬರೆದಿಟ್ಟ ಆ ಎರಡು ಸಾಲು.

ಇಂತಿ,
ನಿನ್ನ ಮೇಷ್ಟ್ರು